ಕಡಲಮಟ್ಟ ವರ್ಷಕ್ಕೆ 3 ಮಿ.ಮೀ. ಏರ್ತಿದೆ ಅಂತ ಅಳೆಯೋದು ಹೇಗೆ? ಟೈಡ್ ಗೇಜ್, ಉಪಗ್ರಹ, ಮತ್ತೆ ಆ ‘ಸೊನ್ನೆ’

ಪಡುಗಡಲು:

ಮಂಗಳೂರು ಕಡೆ ಹುಣ್ಣಿಮೆ–ಅಮಾವಾಸ್ಯೆ ಹೊತ್ತಿಗೆ ಉಬ್ಬರಕ್ಕೂ ಇಳಿತಕ್ಕೂ ಸುಮಾರು ಒಂದೂವರೆ ಮೀಟರ್ ಅಂತರ. ಮಳೆಗಾಲದ ಅಲೆ ಅದರ ಮೇಲೆ ಇನ್ನೆರಡು ಮೂರು ಮೀಟರ್ ಕುಣಿಯುತ್ತದೆ. ಇಂಥ ನೀರಲ್ಲಿ ‘ವರ್ಷಕ್ಕೆ 3 ಮಿಲಿಮೀಟರ್’ ಅನ್ನುವುದನ್ನು ಹಿಡಿಯುವುದು ಹೇಗೆ? ಅದು ಒಂದು ರೂಪಾಯಿಯ ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು ದಪ್ಪ, ಅಷ್ಟೇ.

ಇನ್ನೊಂದು, ಅಂಕಿಗಳೇ ತಾಳೆಯಾಗುವುದಿಲ್ಲ. ಮುಂಬೈಗೆ 0.8 ಅಂತಾರೆ, ಹೂಗ್ಲಿಯ ಡೈಮಂಡ್ ಹಾರ್ಬರ್‌ಗೆ 5ಕ್ಕೂ ಹೆಚ್ಚು, ಇಡೀ ಲೋಕಕ್ಕೆ 3.7 ಅಂತ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ವರದಿ. ನೀರು ಒಂದೇ ಅಲ್ವಾ? ಏರಿತು ಅನ್ನುವುದಾದರೂ ಯಾವುದಕ್ಕೆ ಹೋಲಿಸಿ, ಆ ‘ಸೊನ್ನೆ’ ಎಲ್ಲಿಯದು?

ಪೇಪರಿನವರ ಉತ್ತರ ಬೇಡ. ಉಪಕರಣ ಏನು, ಎಲ್ಲಿ ಕೆಡುತ್ತದೆ, ಹೇಗೆ ತಿದ್ದುತ್ತಾರೆ, ಅದು ಬರಲಿ.

ಮಟ್ಟಗೋಲು:

ಅಲೆಯ ಭಯ ಬಿಡಿ, ಈ ಇಡೀ ಕೆಲಸದಲ್ಲಿ ಸಲೀಸಾದ ಭಾಗ ಅದೇ.

ಹಳೇ ಟೈಡ್ ಗೇಜ್ ಅಂದರೆ ಧಕ್ಕೆಗೆ ತಾಗಿಸಿ ನೆಟ್ಟಗೆ ನಿಲ್ಲಿಸಿದ ಅಗಲದ ಪೈಪು. ಬುಡ ಮುಚ್ಚಿರುತ್ತದೆ, ನೀರು ಬರಲು ಒಂದು ತೂತು ಮಾತ್ರ. ತೂತಿನ ವ್ಯಾಸ ಪೈಪಿನ ವ್ಯಾಸದ ಹತ್ತರಲ್ಲೊಂದು ಇಡುವುದು ರೂಢಿ. 30 ಸೆಂ.ಮೀ. ಪೈಪಿಗೆ 3 ಸೆಂ.ಮೀ. ತೂತು, ಅಂದರೆ ವಿಸ್ತೀರ್ಣದಲ್ಲಿ ನೂರರಲ್ಲೊಂದು. ಹತ್ತು ಸೆಕೆಂಡಿನಲ್ಲಿ ಬಂದು ಹೋಗುವ ಅಲೆಗೆ ಆ ತೂತಿನಿಂದ ಪೈಪು ತುಂಬಿಸಲು ಪುರುಸೊತ್ತಿಲ್ಲ. ಆರು ಗಂಟೆ ಏರುವ ಉಬ್ಬರಕ್ಕೆ ಬೇಕಾದಷ್ಟಿದೆ. ಹಾಗಾಗಿ ಹೊರಗೆ ಕಡಲು ಭೋರ್ಗರೆದರೂ ಪೈಪಿನೊಳಗೆ ಬಾವಿಯ ನೀರಿನ ಹಾಗೆ ತಣ್ಣಗಿರುತ್ತದೆ. ಅದರ ಮೇಲೆ ಫ್ಲೋಟು, ಫ್ಲೋಟಿಗೆ ತಂತಿ, ತಂತಿ ರಾಟೆ ಹಾದು ಪೆನ್ನಿಗೆ. ಗಡಿಯಾರ ತಿರುಗಿಸುವ ಡ್ರಮ್ಮಿನ ಕಾಗದದ ಮೇಲೆ ಪೆನ್ನು ಗೆರೆ ಎಳೆಯುತ್ತದೆ. ಮುಂಬೈಯ ಅಪೋಲೊ ಬಂದರಿನ ದಾಖಲೆ 1878ರಿಂದ ಇದೆ.

ಇನ್ನು ಕೆಡುವುದು. ತೂತಿಗೆ ಬಾರ್ನಕಲ್ ಚಿಪ್ಪು ಕಟ್ಟಿಕೊಳ್ಳುತ್ತದೆ, ಬುಡಕ್ಕೆ ಹೂಳು ಕೂರುತ್ತದೆ. ಆಗ ಪೈಪಿನ ನೀರು ಹೊರಗಿನ ನೀರಿಗಿಂತ ಹಿಂದೆ ಬೀಳುತ್ತದೆ: ಉಬ್ಬರದ ತುದಿ ಮೊಂಡಾಗುತ್ತದೆ, ಇಳಿತದ ತಳ ಪೂರ್ತಿ ಮುಟ್ಟುವುದಿಲ್ಲ. ಎರಡೂ ಕಡೆ ಸಮನಾಗಿ ಮೊಂಡಾದರೆ ಸರಾಸರಿ ಅಷ್ಟೇನೂ ಕೆಡದು. ಅದಕ್ಕೇ ಈ ರೋಗ ಬೇಗ ಕಣ್ಣಿಗೆ ಬೀಳುವುದೂ ಇಲ್ಲ. ಮಳೆಗಾಲದ ತೇವಕ್ಕೆ ಕಾಗದ ಹಿಗ್ಗುತ್ತದೆ. ರಾಟೆಯ ಮೇಲೆ ತಂತಿ ಜಾರುತ್ತದೆ. ತಂತಿ ಒಮ್ಮೆ ಒಂದು ಸೆಂಟಿಮೀಟರ್ ಜಾರಿದರೆ ಅಲ್ಲಿಂದಾಚೆ ಬರುವ ಪ್ರತಿಯೊಂದು ಓದಿಕೆಯೂ ಒಂದು ಸೆಂಟಿಮೀಟರ್ ತಪ್ಪು. ಅಲೆಗಿಂತ ಇದು ಸಾವಿರ ಪಾಲು ಕೆಟ್ಟದ್ದು.

ಅಂಕಿಅಂಶ ಅಜ್ಜ:

ಆ ಕೊನೆಯ ಮಾತಿಗೆ ಲೆಕ್ಕ ಸೇರಿಸುತ್ತೇನೆ.

ಒಂದು ಓದಿಕೆಯಲ್ಲಿ 1 ಸೆಂ.ಮೀ. ತಪ್ಪು ಇದೆ, ಕೆಲವೊಮ್ಮೆ ಮೇಲಕ್ಕೆ ಕೆಲವೊಮ್ಮೆ ಕೆಳಕ್ಕೆ, ಒಂದಕ್ಕೊಂದು ಸಂಬಂಧ ಇಲ್ಲ ಅಂದುಕೊಳ್ಳಿ. ಗಂಟೆಗೊಂದರಂತೆ ತಿಂಗಳಿಗೆ 720 ಓದಿಕೆ. 10 ಮಿ.ಮೀ. ಅನ್ನು 720ರ ವರ್ಗಮೂಲದಿಂದ ಭಾಗಿಸಿದರೆ ಸುಮಾರು 0.4 ಮಿ.ಮೀ. ಅಂದರೆ ಅಡ್ಡಾದಿಡ್ಡಿ ತಪ್ಪು ಸರಾಸರಿಯಲ್ಲಿ ಕರಗಿಹೋಗುತ್ತದೆ.

ಒಂದೇ ದಿಕ್ಕಿನ ತಪ್ಪು ಕರಗುವುದಿಲ್ಲ. ಉದ್ದ T ವರ್ಷದ ದಾಖಲೆಯ ಸರಿ ನಡುವೆ h ಮಿ.ಮೀ. ಮೆಟ್ಟಿಲು (ಅಲ್ಲಿಂದಾಚೆ ಹಾಗೇ ಉಳಿದುಬಿಡುವ ಜಿಗಿತ) ಬಿದ್ದರೆ ಕನಿಷ್ಠ ವರ್ಗದ ಗೆರೆಯ (ಎಲ್ಲ ಓದಿಕೆಗಳಿಗೂ ಆದಷ್ಟು ಹತ್ತಿರ ಹಾಯುವ ನೇರ ಗೆರೆಯ) ಇಳಿಜಾರು 1.5 × h ÷ T ಅಷ್ಟು ಕೆಡುತ್ತದೆ. 40 ವರ್ಷದ ದಾಖಲೆಯ ನಡುವೆ 20 ಮಿ.ಮೀ. ಮೆಟ್ಟಿಲು: 0.75 ಮಿ.ಮೀ./ವರ್ಷ. ಮುಂಬೈಯ ಒಟ್ಟು ಏರಿಕೆಯೇ ಹೆಚ್ಚುಕಡಿಮೆ ಅಷ್ಟು! ಹೊಸ ಗೇಜ್ ಕೂರಿಸುವಾಗ ಎರಡು ಸೆಂಟಿಮೀಟರ್ ಹೆಚ್ಚುಕಡಿಮೆ ಆದರೆ ಒಂದು ಊರಿನ ಕಡಲು ಏರುತ್ತಿದೆಯೋ ಇಲ್ಲವೋ ಅನ್ನುವುದೇ ತಿರುಗುಮುರುಗು.

ಉಬ್ಬರವಿಳಿತವನ್ನು ತೆಗೆಯಲು ಗಂಟೆವಾರು ಓದಿಕೆಗಳ ಮೇಲೆ 39 ಗಂಟೆಯ ಡೂಡ್ಸನ್ ಫಿಲ್ಟರ್ ಓಡಿಸುವುದು ಹಳೇ ಪದ್ಧತಿ. ಆಯ್ದ ತೂಕ ಹಾಕಿ ಕೂಡಿ 30ರಿಂದ ಭಾಗಿಸಿದರೆ ದಿನಕ್ಕೊಂದು ಮತ್ತು ದಿನಕ್ಕೆರಡು ಸಲದ ಏರಿಳಿತ ಬಹುಪಾಲು ಸತ್ತುಹೋಗುತ್ತದೆ. ಉಳಿದದ್ದು ದಿನದ ಸರಾಸರಿ. ಅದರಿಂದ ತಿಂಗಳದ್ದು, ವರ್ಷದ್ದು.

ಕೊಂಕಣಿ ಕರಾವಳಿ:

ಪೈಪು, ಪೆನ್ನು, ಕಾಗದ ಎಲ್ಲ ಮ್ಯೂಸಿಯಂ ಸಾಮಾನು ಮಾರಾಯ್ರೆ. ಈಗ ರೇಡಾರ್ ಗೇಜ್. 2004ರ ಸುನಾಮಿ ಆದ ಮೇಲೆ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಜಾಲದಲ್ಲಿ ರೇಡಾರ್, ಒತ್ತಡ ಸೆನ್ಸರ್ ಎಲ್ಲ ಬಂದಾಗಿದೆ. ನೀರಿಗೆ ಕೈ ತಾಗಿಸುವ ಹಾಗೇ ಇಲ್ಲ, ಬಾರ್ನಕಲ್ಲೂ ಇಲ್ಲ, ಹೂಳೂ ಇಲ್ಲ.

ಮಟ್ಟಗೋಲು:

ರೇಡಾರ್ ಒಳ್ಳೆಯದೇ. ಆದರೆ ಅದು ಅಳೆಯುವುದು ತನ್ನಿಂದ ನೀರಿಗೆ ಎಷ್ಟು ದೂರ ಅನ್ನುವುದನ್ನು. ಕಡಲಮಟ್ಟ ಬೇಕಾದರೆ ‘ತಾನು ಎಷ್ಟು ಎತ್ತರದಲ್ಲಿ ಇದ್ದೇನೆ’ ಅನ್ನುವುದರಿಂದ ಅದನ್ನು ಕಳೆಯಬೇಕು. ಎತ್ತರ ತಪ್ಪಾದರೆ ಉಳಿದದ್ದೆಲ್ಲ ತಪ್ಪು.

ಅದಕ್ಕೂ ಅದರದ್ದೇ ಕಾಯಿಲೆಗಳಿವೆ. ಕಿರಣ 10 ಡಿಗ್ರಿ ಅಗಲದ್ದಾದರೆ 8 ಮೀಟರ್ ಕೆಳಗಿನ ನೀರಿನ ಮೇಲೆ ಸುಮಾರು 1.4 ಮೀಟರ್ ಅಗಲದ ವೃತ್ತ. ಆ ವೃತ್ತದೊಳಗೆ ಜೆಟ್ಟಿಯ ಕಂಬ, ಹಗ್ಗ, ತೇಲುವ ಕಸ, ಕಟ್ಟಿಹಾಕಿದ ದೋಣಿ ಬಂದರೆ ನೀರಿನ ಬದಲು ಅದನ್ನೇ ಓದುತ್ತದೆ. ತೋಳು ಚಿಕ್ಕದು ಮಾಡಿ ಕಂಬದ ಪಕ್ಕಕ್ಕೇ ಸಿಕ್ಕಿಸುವುದು ಎಲ್ಲೆಡೆ ಕಾಣುವ ತಪ್ಪು. ತೋಳು ಉದ್ದ ಮಾಡಿದರೆ ಗಾಳಿಗೆ ಬಾಗುತ್ತದೆ, ವರ್ಷ ಕಳೆದಂತೆ ತೂಗಿ ಕೆಳಗಿಳಿಯುತ್ತದೆ. ಎರಡು ಮಿಲಿಮೀಟರ್ ಇಳಿದರೂ ಗೇಜಿನ ಲೆಕ್ಕದಲ್ಲಿ ಕಡಲು ಎರಡು ಮಿಲಿಮೀಟರ್ ಏರಿದ ಹಾಗೆ.

ಒತ್ತಡ ಸೆನ್ಸರ್‌ಗೆ ನೀರಿನ ಸಾಂದ್ರತೆ ಕೊಡಬೇಕು. ಕಡಲ ನೀರು ಸುಮಾರು 1025, ಹೊಳೆ ನೀರು 1000 ಕೆ.ಜಿ./ಘನ ಮೀಟರ್. ನೇತ್ರಾವತಿ–ಗುರುಪುರ ಅಳಿವೆಯಂಥ ಕಡೆ ಆಷಾಢದಲ್ಲಿ ಹೊಳೆ ಇಳಿದು ಬಂದು ನೀರು ಸಿಹಿಯಾದಾಗ 1025 ಅಂತಲೇ ಬಿಟ್ಟರೆ, 3 ಮೀಟರ್ ಆಳದಲ್ಲಿರುವ ಸೆನ್ಸರ್ ಮಟ್ಟವನ್ನು 7 ಸೆಂಟಿಮೀಟರ್‌ಗಿಂತ ಜಾಸ್ತಿ ತಗ್ಗಿಸಿ ತೋರಿಸುತ್ತದೆ. ಪೈಪು–ಫ್ಲೋಟಿಗೂ ಇದೇ ಪೀಡೆ ತಿರುಗಿಸಿ ಹತ್ತುತ್ತದೆ: ಪೈಪಿನೊಳಗೆ ಸಿಹಿ ನೀರು ಉಳಿದು ಹೊರಗೆ ಉಪ್ಪು ನೀರು ಬಂದರೆ ಒಳಗಿನ ಮಟ್ಟ ಹೊರಗಿಗಿಂತ ಮೇಲೆ ನಿಲ್ಲುತ್ತದೆ.

ಗೇಜ್ ಯಾವುದೇ ಇರಲಿ, ಹಿಡಿಯುವ ಉಪಾಯ ಒಂದೇ. ಪೂರ್ತಿ ಒಂದು ಉಬ್ಬರ–ಇಳಿತ, ಅಂದರೆ ಹನ್ನೆರಡೂವರೆ ಗಂಟೆ, ಕಾಲು ಗಂಟೆಗೊಮ್ಮೆ ಟೇಪು ಇಳಿಬಿಟ್ಟು ನೀರಿನ ಮಟ್ಟ ಕೈಯಿಂದ ಅಳೆಯಬೇಕು. ಕೈ ಅಳತೆಗೂ ಗೇಜಿಗೂ ಇರುವ ವ್ಯತ್ಯಾಸ ಅಡ್ಡಕ್ಕೆ, ನೀರಿನ ಮಟ್ಟ ಉದ್ದಕ್ಕೆ ಇಟ್ಟು ಗ್ರಾಫ್ ಹಾಕಬೇಕು. ಇದಕ್ಕೆ ವ್ಯಾನ್ ಡಿ ಕ್ಯಾಸ್ಟೀಲ್ ಪರೀಕ್ಷೆ ಅನ್ನುತ್ತಾರೆ. ಗೆರೆ ಸೊನ್ನೆಯ ಮೇಲೆ ನೆಟ್ಟಗೆ ನಿಂತರೆ ಗೇಜ್ ಸರಿ. ನೆಟ್ಟಗೇ ಇದ್ದು ಪಕ್ಕಕ್ಕೆ ಸರಿದಿದ್ದರೆ ಸೊನ್ನೆ ಜಾರಿದೆ. ಓರೆಯಾಗಿದ್ದರೆ ಸ್ಕೇಲು ತಪ್ಪು. ಏರುವಾಗ ಒಂದು ದಾರಿ, ಇಳಿಯುವಾಗ ಇನ್ನೊಂದು ದಾರಿ ಹಿಡಿದು ಮೊಟ್ಟೆಯಾಕಾರ ಬಂದರೆ ಗಡಿಯಾರ ತಪ್ಪು, ಇಲ್ಲವೇ ತೂತು ಕಟ್ಟಿದೆ. ಒಂದು ಹಾಳೆಯ ಚಿತ್ರದಲ್ಲಿ ಗೇಜಿನ ಜಾತಕವೇ ಇರುತ್ತದೆ.

ಅಂಕಿಅಂಶ ಅಜ್ಜ:

ಗಡಿಯಾರದ ತಪ್ಪು ಎಷ್ಟು ದೊಡ್ಡದು ಅಂತ ಕೇಳುವವರಿಗೆ: 4 ಮೀಟರ್ ಉಬ್ಬರದ ಕಡೆ, ಮುಂಬೈಯ ಹಾಗೆ, ನಡುಮಧ್ಯದಲ್ಲಿ ನೀರು ನಿಮಿಷಕ್ಕೆ 1.7 ಸೆಂ.ಮೀ. ಏರುತ್ತದೆ. ಒಂದು ನಿಮಿಷ ತಪ್ಪಿದರೆ ಒಂದೊಂದು ಓದಿಕೆಯೂ ಅಷ್ಟು ತಪ್ಪು. ಏರುವಾಗಿನದ್ದು ಇಳಿಯುವಾಗ ವಜಾ ಆಗುವುದರಿಂದ ವರ್ಷದ ಸರಾಸರಿಗೆ ತೊಂದರೆಯಿಲ್ಲ. ಅದೇ ಗಡಿಯಾರ ಇಟ್ಟುಕೊಂಡು ಟೇಪು ಪರೀಕ್ಷೆ ಮಾಡಿ ಸೊನ್ನೆ ‘ಸರಿಪಡಿಸಿದರೆ’ ಮಾತ್ರ ಕೆಟ್ಟಿತು.

ಸ್ಟಾಫ್ ರೀಡಿಂಗ್:

‘ಯಾವುದಕ್ಕೆ ಹೋಲಿಸಿ’ ಅನ್ನುವುದಕ್ಕೆ ಇನ್ನೂ ಉತ್ತರ ಬಂದಿಲ್ಲ. ಗೇಜು ಬರುತ್ತೆ, ಹೋಗುತ್ತೆ. ಉಳಿಯಬೇಕಾದ್ದು ಬೆಂಚ್ ಮಾರ್ಕ್.

ಗೇಜಿನ ಹತ್ತಿರ ಗಟ್ಟಿ ಬಂಡೆಯಲ್ಲೋ ಹಳೇ ಕಟ್ಟಡದ ಅಡಿಪಾಯದಲ್ಲೋ ಕೂರಿಸಿದ ಹಿತ್ತಾಳೆ ಗುಬುಟು ಅದು. ಗೇಜಿನ ಸೊನ್ನೆ ಈ ಗುಬುಟಿನಿಂದ ಇಂತಿಷ್ಟು ಮೀಟರ್ ಕೆಳಗೆ ಅಂತ ಬರೆದಿಟ್ಟಿರುತ್ತಾರೆ. ಒಂದೇ ಗುಬುಟು ನಂಬುವ ಹಾಗಿಲ್ಲ. ರಸ್ತೆ ಅಗಲ ಮಾಡುವವರು ಕಿತ್ತು ಹಾಕಬಹುದು, ಧಕ್ಕೆಯೇ ಕುಸಿಯಬಹುದು. ಸುತ್ತ ಐದಾರಾದರೂ ಇರಬೇಕು, ಎಲ್ಲವೂ ಅದೇ ಧಕ್ಕೆಯ ಮೇಲೆ ಇರಬಾರದು. ವರ್ಷಕ್ಕೊಮ್ಮೆ ಲೆವೆಲ್ (ಮಟ್ಟ ನೋಡುವ ದುರ್ಬೀನು) ಮತ್ತು ಸ್ಟಾಫ್ (ಅಳತೆ ಗುರುತಿನ ಕೋಲು) ಹಿಡಿದು ಎಲ್ಲವನ್ನೂ ಹೋಗುತ್ತ ಬರುತ್ತ ಓದಬೇಕು. ಹೋದ–ಬಂದ ಓದಿಕೆಯ ವ್ಯತ್ಯಾಸ, ಮೇಲ್ದರ್ಜೆಯ ಕೆಲಸಕ್ಕೆ, ಕಿ.ಮೀ. ಲೆಕ್ಕದ ದೂರದ ವರ್ಗಮೂಲವನ್ನು 3 ಮಿ.ಮೀ.ನಿಂದ ಗುಣಿಸಿದಷ್ಟರ ಒಳಗಿರಬೇಕು. 400 ಮೀಟರಿಗೆ 1.9 ಮಿ.ಮೀ. ಹಿಂದಿನ ಸ್ಟಾಫ್, ಮುಂದಿನ ಸ್ಟಾಫ್ ಎರಡೂ ಸಮ ದೂರದಲ್ಲಿ. ಬಿಸಿಲೇರಿದ ಮೇಲೆ ಕಾಂಕ್ರೀಟಿನ ಮೇಲೆ ಗಾಳಿ ನಡುಗುತ್ತದೆ, ಬೆಳಗ್ಗೆಯೇ ಮುಗಿಸಬೇಕು. ಸ್ಟಾಫಿನ ಬುಡಕ್ಕೆ ಮೆತ್ತಿದ ಕೆಸರು ಒರೆಸದಿದ್ದರೆ ಎರಡು ಮಿಲಿಮೀಟರ್ ಅಲ್ಲೇ ಹೋಯಿತು.

ಲೋಕದ ಮಾಸಿಕ ಸರಾಸರಿಗಳನ್ನೆಲ್ಲ 1933ರಿಂದ ಕೂಡಿಸಿಡುತ್ತಿರುವುದು ಬ್ರಿಟನ್ನಿನ ಲಿವರ್‌ಪೂಲ್‌ನಲ್ಲಿರುವ ಪಿಎಸ್‌ಎಂಎಸ್‌ಎಲ್ ಸಂಸ್ಥೆ. ಬೆಂಚ್ ಮಾರ್ಕಿನ ಚರಿತ್ರೆ ಪೂರ್ತಿ ಸಿಕ್ಕಿದ ಕಡೆಯ ದತ್ತಾಂಶವನ್ನು ‘ಆರ್‌ಎಲ್‌ಆರ್’ ಅಂತ ಬೇರೆ ಇಡುತ್ತಾರೆ, ಸಿಗದವನ್ನು ‘ಮೆಟ್ರಿಕ್’ ಅಂತ. ಏರಿಕೆಯ ಗೆರೆ ಎಳೆಯಬೇಕಾದರೆ ಮೊದಲನೆಯದು ಮಾತ್ರ. ಎರಡನೆಯದರಲ್ಲಿ ಗೆರೆ ಎಳೆದು ‘ಕಡಲು ಇಳಿಯುತ್ತಿದೆ’ ಅಂತ ಹಂಚುವವರು ಆಗಾಗ ಸಿಗುತ್ತಾರೆ, ದಯವಿಟ್ಟು ನಂಬಬೇಡಿ.

ಪಡುಗಡಲು:

ಹಾಗಾದರೆ ‘ಸಮುದ್ರ ಮಟ್ಟದಿಂದ ಇಷ್ಟು ಎತ್ತರ’ ಅಂತ ರೈಲ್ವೆ ನಿಲ್ದಾಣದ ಹಳದಿ ಬೋರ್ಡಿನಲ್ಲಿ ಬರೆಯುತ್ತಾರಲ್ಲ, ಅದರ ಸೊನ್ನೆಯೂ ಇದೇ ಗುಬುಟಿನದ್ದಾ? ಅದು ಮುಂಬೈ ಸಮುದ್ರ ಅಂತ ಕೆಲವರು, ಕರಾಚಿ ಅಂತ ಕೆಲವರು, ಮದ್ರಾಸು ಅಂತ ಇನ್ನು ಕೆಲವರು.

ಸ್ಟಾಫ್ ರೀಡಿಂಗ್:

ಮೂವರೂ ಮೂರಾಣೆ ಸರಿ. 1858ರಲ್ಲಿ ಶುರುವಾಗಿ 1909ರಲ್ಲಿ ಮುಗಿದ ಮೊದಲ ಲೆವೆಲಿಂಗ್ ಜಾಲವನ್ನು ಒಂಬತ್ತು ಬಂದರುಗಳಿಗೆ ಕಟ್ಟಿದ್ದರು: ಕರಾಚಿ, ಮುಂಬೈ, ಕಾರವಾರ, ಬೇಪೂರ್, ಕೊಚ್ಚಿ, ನಾಗಪಟ್ಟಣಂ, ಮದ್ರಾಸ್, ವಿಶಾಖಪಟ್ಟಣ, ಒಡಿಶಾದ ಫಾಲ್ಸ್ ಪಾಯಿಂಟ್. ಹೌದು, ನಮ್ಮ ಕಾರವಾರವೂ ಇದೆ.

ಆ ಜಾಲದಲ್ಲಿ ಒಂಬತ್ತೂ ಕಡೆ ಸರಾಸರಿ ಕಡಲಮಟ್ಟ ಸೊನ್ನೆಯೇ ಅಂತ ಹಿಡಿದರು. ಅದು ನಿಜವಲ್ಲ. ಬಂಗಾಳಕೊಲ್ಲಿಗೆ ದೊಡ್ಡ ಹೊಳೆಗಳೆಲ್ಲ ಬಂದು ಬೀಳುವುದರಿಂದ ಅಲ್ಲಿಯ ನೀರಿಗೆ ಉಪ್ಪು ಕಡಿಮೆ, ನೀರು ಹಗುರ, ಆದ್ದರಿಂದ ಮಟ್ಟ ಅರಬ್ಬಿಗಿಂತ ಎತ್ತರ. ಇಲ್ಲದ ಸಮವನ್ನು ಇದೆ ಅಂದುಕೊಂಡದ್ದರಿಂದ ಆ ವ್ಯತ್ಯಾಸವೆಲ್ಲ ನಡುವಿನ ನೆಲದ ಲೆವೆಲ್ಲುಗಳಿಗೆ ಹಂಚಿಹೋಯಿತು. ಮನೆ ಕಟ್ಟಲು, ಕಾಲುವೆ ತೋಡಲು ಅದರಿಂದ ತೊಂದರೆ ಇಲ್ಲ. ಕಡಲ ಏರಿಕೆ ಅಳೆಯುವವರು ಮಾತ್ರ ದೇಶದ ಸೊನ್ನೆಯ ಗೋಜಿಗೆ ಹೋಗುವುದಿಲ್ಲ, ಆ ಊರಿನ ಗುಬುಟಿಗೇ ಕಟ್ಟಿಕೊಳ್ಳುತ್ತಾರೆ.

ಬಂದರಿನ ಉಬ್ಬರದ ಪಟ್ಟಿಯಲ್ಲಿರುವ ಸೊನ್ನೆ ಇನ್ನೂ ಬೇರೆ. ಅದು ಚಾರ್ಟ್ ಡೇಟಮ್, ಹಡಗಿನ ತಳ ತಾಗಬಾರದು ಅಂತ ತೀರಾ ಇಳಿತದ ಹತ್ತಿರ ಇಟ್ಟದ್ದು. ಈ ಮೂರು ಸೊನ್ನೆ ಕಲಸಿ ಬರೆದ ಸುದ್ದಿಗಳಿಗೆ ಲೆಕ್ಕವಿಲ್ಲ.

ಉಳ್ಳಾಲ ಬೀಚ್:

ಇಷ್ಟೆಲ್ಲ ಯಾಕೆ? ಉಳ್ಳಾಲದಲ್ಲಿ ಬಂದು ನೋಡಿದರೆ ಸಾಕಲ್ಲ, ತೆಂಗಿನ ಮರ, ಮನೆ ಎಲ್ಲ ಕಡಲಿಗೆ ಹೋಗುತ್ತಿದೆ. ಏರಿಕೆಗೆ ಬೇರೆ ಸಾಕ್ಷಿ ಬೇಕಾ?

ಮಟ್ಟಗೋಲು:

ಕೊರೆತ ನಿಜ, ಅದನ್ನು ಯಾರೂ ಇಲ್ಲ ಅನ್ನುವುದಿಲ್ಲ. ಆದರೆ ಕೊರೆತ ಹೇಳುವುದು ಮರಳಿನ ಜಮಾ–ಖರ್ಚು. ಅಳಿವೆಯ ಬಾಯಿಗೆ ಕಲ್ಲಿನ ಗೋಡೆ ಕಟ್ಟಿದರೆ, ಹೊಳೆಯಿಂದ ಬರುವ ಮರಳು ಕಡಿಮೆಯಾದರೆ, ಒಂದು ಬದಿಯಲ್ಲಿ ತೀರ ಬೆಳೆಯುತ್ತದೆ, ಇನ್ನೊಂದು ಬದಿಯಲ್ಲಿ ಕೊರೆಯುತ್ತದೆ. ಕಡಲಮಟ್ಟ ಒಂದು ಕೂದಲೂ ಏರದಿದ್ದರೂ ಹಾಗಾಗುತ್ತದೆ. ಏರಿಕೆ ಅದಕ್ಕೆ ಇನ್ನಷ್ಟು ಕೂಡಿಸುತ್ತದೆ, ಅಷ್ಟೇ. ಕೊರೆತದಿಂದ ಮಿಲಿಮೀಟರ್ ಲೆಕ್ಕ ಹಿಂದಕ್ಕೆ ತೆಗೆಯಲು ಬರುವುದಿಲ್ಲ.

ಪಡುಗಡಲು:

ಗುಬುಟು ಇರುವ ಬಂಡೆಯೇ ಏರಿದರೆ, ಇಳಿದರೆ?

ಸ್ಟಾಫ್ ರೀಡಿಂಗ್:

ಇದೇ ಪ್ರಶ್ನೆಗೆ ಕಾಯುತ್ತಿದ್ದೆ. ಟೈಡ್ ಗೇಜ್ ಹೇಳುವುದು ನೆಲಕ್ಕೆ ಹೋಲಿಸಿದ ಕಡಲು. ನೆಲ ಇಳಿದರೂ ಕಡಲು ಏರಿದಂತೆಯೇ ಓದುತ್ತದೆ.

ಸ್ಟಾಕ್‌ಹೋಮಿನ ದಾಖಲೆ 1774ರಿಂದ ಇದೆ. ಅಲ್ಲಿ ಕಡಲು ವರ್ಷಕ್ಕೆ ಸುಮಾರು 4 ಮಿ.ಮೀ. ಇಳಿದಿದೆ! ಹಿಮಯುಗದಲ್ಲಿ ಮೈಮೇಲೆ ಹೊತ್ತಿದ್ದ ಮಂಜುಗಡ್ಡೆ ಕರಗಿ ಸಾವಿರಾರು ವರ್ಷವಾದರೂ ಆ ನೆಲ ಇನ್ನೂ ಮೇಲೇಳುತ್ತಿದೆ. ಭಾರ ಇಳಿದ ಹಾಸಿಗೆ ಉಬ್ಬುವ ಹಾಗೆ, ಆದರೆ ತೀರಾ ನಿಧಾನ. ಬ್ಯಾಂಕಾಕಿನಲ್ಲಿ ತದ್ವಿರುದ್ಧ: 1960ರ ದಶಕದಿಂದ ಅಂತರ್ಜಲ ಎತ್ತಿದ್ದರಿಂದ ನೆಲ ಕುಸಿಯಿತು, ಅಲ್ಲಿನ ಗೇಜಿನ ಗೆರೆ ಆ ವರ್ಷಗಳಿಂದ ಕಡಿದಾಗಿ ಮೇಲೇರಿತು. ಡೈಮಂಡ್ ಹಾರ್ಬರಿನ 5 ಮಿ.ಮೀ.ನಲ್ಲೂ ಹೂಗ್ಲಿ ಮುಖಜ ಭೂಮಿಯ ಮೆಕ್ಕಲು ಕುಸಿಯುವುದರ ಪಾಲು ದೊಡ್ಡದು. ಮೊದಲ ಪೋಸ್ಟಿನ ‘ನೀರು ಒಂದೇ ಅಲ್ವಾ’ಕ್ಕೆ ಅರ್ಧ ಉತ್ತರ ಇದು: ನೆಲ ಒಂದೇ ಅಲ್ಲ.

ಪರಿಹಾರ, ಗೇಜಿನ ಪಕ್ಕದಲ್ಲೇ ಜಿಪಿಎಸ್ ಥರದ ಶಾಶ್ವತ ಜಿಎನ್‌ಎಸ್‌ಎಸ್ ಆಂಟೆನಾ ನೆಟ್ಟು ಗುಬುಟಿಗೆ ಲೆವೆಲ್ ಕಟ್ಟಬೇಕು. ನೆಲದ ಏರಿಳಿತ ಸಿಗಲು ಹಲವು ವರ್ಷ ಸತತ ದತ್ತಾಂಶ ಬೇಕು. ಆಂಟೆನಾ ಕೆಟ್ಟಿತು ಅಂತ ಬೇರೆ ಮಾದರಿ ಹಾಕಿದರೆ ಎತ್ತರದಲ್ಲಿ ಮೆಟ್ಟಿಲು. ಮೇಲೆ ಅಜ್ಜ ಹಾಕಿದ ಲೆಕ್ಕ ಇಲ್ಲೂ ಅಷ್ಟೇ ಅನ್ವಯ. ಬಂದರಿನ ಕಚೇರಿಯ ತಾರಸಿಯ ಮೇಲೆ ಆಂಟೆನಾ ಇಟ್ಟರೆ ಅಳೆಯುವುದು ತಾರಸಿಯನ್ನು.

ಕಕ್ಷೆ 1336:

ನೆಲದ ಕಾಟವೇ ಬೇಡ ಅಂದರೆ ಮೇಲಿಂದ ಅಳೆಯಬೇಕು. 1992ರ ಆಗಸ್ಟ್ 10ರಂದು ಹೋದ ಉಪಗ್ರಹ ಟೋಪೆಕ್ಸ್/ಪೊಸೈಡನ್, ಆಮೇಲೆ ಜೇಸನ್–1 (2001), ಜೇಸನ್–2 (2008), ಜೇಸನ್–3 (2016), ಸೆಂಟಿನೆಲ್–6 (2020). ಎಲ್ಲವೂ ಒಂದೇ ದಾರಿ: 1336 ಕಿ.ಮೀ. ಎತ್ತರ, ಸಮಭಾಜಕಕ್ಕೆ 66 ಡಿಗ್ರಿ ಓರೆ, 127 ಸುತ್ತು ಮುಗಿಸಿ ಹತ್ತು ದಿನಕ್ಕೆ ಸ್ವಲ್ಪ ಕಡಿಮೆಯಲ್ಲಿ ಅದೇ ಜಾಗಕ್ಕೆ ವಾಪಸ್.

ಕೆಳಗೆ ಬಿಟ್ಟ ರೇಡಾರ್ ನಾಡಿ ನೀರಿಗೆ ಬಡಿದು ಬರಲು 8.9 ಮಿಲಿಸೆಕೆಂಡ್. ಒಂದು ಸೆಂಟಿಮೀಟರ್ ಅಂದರೆ ಆ ಹೊತ್ತಿನಲ್ಲಿ 67 ಪಿಕೋಸೆಕೆಂಡ್. ದಾರಿಯಲ್ಲಿ ಗಾಳಿ ಅದನ್ನು ನಿಧಾನ ಮಾಡುತ್ತದೆ. ಒಣ ಗಾಳಿಯ ತಿದ್ದುಪಡಿಯೇ ಸುಮಾರು 2.3 ಮೀಟರ್, ಗಾಳಿಯ ಒತ್ತಡ ಗೊತ್ತಿದ್ದರೆ ಲೆಕ್ಕ ಸಿಗುತ್ತದೆ. ತೇವದ್ದು 40 ಸೆಂ.ಮೀ.ವರೆಗೆ, ಊಹಿಸಲು ಬರದು, ಅದಕ್ಕೇ ಉಪಗ್ರಹದಲ್ಲಿ ಕೆಳಗಿನ ಆವಿ ಅಳೆಯುವ ರೇಡಿಯೋಮೀಟರ್ ಬೇರೆಯಾಗಿ ಇರುತ್ತದೆ. ಅಯಾನುಗೋಲದ (ಮೇಲಿನ ವಿದ್ಯುತ್ ಕಣಗಳ ಪದರದ) ತಿದ್ದುಪಡಿಗೆ 13.6 ಮತ್ತು 5.3 ಗಿಗಾಹರ್ಟ್ಸ್ ಎರಡು ಅಲೆ ಕಳಿಸಿ ವ್ಯತ್ಯಾಸ ನೋಡುತ್ತಾರೆ. ಅಲೆಯ ತಗ್ಗು ಏರಿಗಿಂತ ಚೆನ್ನಾಗಿ ಪ್ರತಿಫಲಿಸುವುದರಿಂದ ಕಡಲು ಇದ್ದದ್ದಕ್ಕಿಂತ ತುಸು ಕೆಳಗೆ ಕಾಣುತ್ತದೆ, ಅದಕ್ಕೂ ಅಲೆಯ ಎತ್ತರದ ಶೇಕಡಾ ಕೆಲವಷ್ಟು ಸೇರಿಸಬೇಕು. ಗಾಳಿಯ ಒತ್ತಡ 1 ಹೆಕ್ಟೋಪಾಸ್ಕಲ್ ಏರಿದರೆ ನೀರು ಸುಮಾರು 1 ಸೆಂ.ಮೀ. ತಗ್ಗುತ್ತದೆ, ಅದನ್ನೂ ತೆಗೆಯಬೇಕು. ಉಪಗ್ರಹ ತಾನೆಲ್ಲಿದ್ದೇನೆ ಅನ್ನುವುದು ಲೇಸರ್, ಡೋರಿಸ್ (ನೆಲದ ಕೇಂದ್ರಗಳ ರೇಡಿಯೋ ಸಂಕೇತ), ಜಿಪಿಎಸ್ ಮೂರರಿಂದ 1–2 ಸೆಂ.ಮೀ.ಗೆ ಗೊತ್ತಾಗುತ್ತದೆ.

ಇಷ್ಟಾಗಿಯೂ ಒಂದು ಬಿಂದುವಿನ ಅಳತೆಯಲ್ಲಿ 3–4 ಸೆಂ.ಮೀ. ತಪ್ಪು ಉಳಿಯುತ್ತದೆ. ಹತ್ತು ದಿನದಲ್ಲಿ ಲಕ್ಷಗಟ್ಟಲೆ ಬಿಂದುಗಳ ಸರಾಸರಿ ಹಾಕಿದಾಗ ಮಿಲಿಮೀಟರ್‌ಗೆ ಇಳಿಯುತ್ತದೆ. ದಾರಿಗಳು 66 ಡಿಗ್ರಿ ಹತ್ತಿರ ಒತ್ತೊತ್ತಾಗಿವೆ, ಸಮಭಾಜಕದಲ್ಲಿ ಒಂದರಿಂದ ಒಂದಕ್ಕೆ 315 ಕಿ.ಮೀ. ಆದ್ದರಿಂದ ಪ್ರದೇಶದ ವಿಸ್ತೀರ್ಣಕ್ಕೆ ತಕ್ಕ ತೂಕ ಹಾಕದೆ ಸರಾಸರಿ ತೆಗೆದರೆ ದಕ್ಷಿಣದ ತಣ್ಣನೆ ಕಡಲಿನದ್ದೇ ಮೇಲುಗೈ ಆಗುತ್ತದೆ.

ಕೊಂಕಣಿ ಕರಾವಳಿ:

ಹಾಗಾದ್ರೆ ಟೈಡ್ ಗೇಜಿಗೆ ಪಿಂಚಣಿ ಕೊಡಬಹುದಲ್ಲ?

ಕಕ್ಷೆ 1336:

ಉಪಗ್ರಹದ ತಪ್ಪು ಹಿಡಿದುಕೊಟ್ಟದ್ದೇ ಟೈಡ್ ಗೇಜ್ ಸ್ವಾಮಿ.

ಟೋಪೆಕ್ಸ್‌ನಲ್ಲಿ ಆಲ್ಟಿಮೀಟರ್ (ಎತ್ತರ ಅಳೆಯುವ ಆ ರೇಡಾರ್) ಎರಡು ಜೊತೆ ಇತ್ತು. ‘ಎ’ ಬದಿ ಮಂಕಾಗುತ್ತ ಬಂದು 1999ರ ಫೆಬ್ರವರಿಯಲ್ಲಿ ‘ಬಿ’ಗೆ ಬದಲಾಯಿಸಿದರು. ಲೋಕದ ಗೇಜುಗಳ ಜೊತೆ ಹೋಲಿಸಿ ನೋಡಿದಾಗ ‘ಎ’ ಬದಿ ಮೊದಲ ಆರು ವರ್ಷ ಏರಿಕೆಯನ್ನು ಹೆಚ್ಚು ತೋರಿಸಿದ್ದು ಗೊತ್ತಾಯಿತು. ಶುರುವಿನ ಏರಿಕೆ ಹೆಚ್ಚು ಕಂಡರೆ ಆಮೇಲಿನ ವೇಗ ಹೆಚ್ಚಾದದ್ದು ಮುಚ್ಚಿಹೋಗುತ್ತದೆ. ಅದನ್ನು ತಿದ್ದಿದ ಮೇಲೆಯೇ ಕಡಲ ಏರಿಕೆಯ ವೇಗ ಹೆಚ್ಚುತ್ತಿರುವುದು ಉಪಗ್ರಹದ ಗೆರೆಯಲ್ಲಿ ಚೊಕ್ಕವಾಗಿ ಕಂಡದ್ದು: 1993ರ ಸುಮಾರಿಗೆ ವರ್ಷಕ್ಕೆ 2 ಮಿ.ಮೀ.ಗೆ ಸ್ವಲ್ಪ ಮೇಲೆ ಇದ್ದದ್ದು ಮೂವತ್ತು ವರ್ಷದಲ್ಲಿ ಇಮ್ಮಡಿ.

ಒಂದು ಉಪಗ್ರಹದಿಂದ ಮುಂದಿನದಕ್ಕೆ ದಾಟುವಾಗ ಎರಡನ್ನೂ ಒಂದೇ ದಾರಿಯಲ್ಲಿ ಹಿಂದೆಮುಂದೆ ಹಾರಿಸುತ್ತಾರೆ. ಟೋಪೆಕ್ಸ್ ಮತ್ತು ಜೇಸನ್–1 ನಡುವೆ ಸುಮಾರು 70 ಸೆಕೆಂಡ್, ಜೇಸನ್–3 ಮತ್ತು ಸೆಂಟಿನೆಲ್–6 ನಡುವೆ 30 ಸೆಕೆಂಡ್, ತಿಂಗಳುಗಟ್ಟಲೆ. ಕೆಳಗಿನ ನೀರು ಅದೇ, ಗಾಳಿ ಅದೇ. ವ್ಯತ್ಯಾಸ ಬಂದರೆ ಅದು ಉಪಕರಣದ್ದು. ಟೈಡ್ ಗೇಜ್ ಬದಲಾಯಿಸುವಾಗ ಹಳೆಯದು–ಹೊಸದು ಎರಡನ್ನೂ ವರ್ಷವಾದರೂ ಜೊತೆಗೆ ಓಡಿಸಿ ಅನ್ನುವುದೂ ಇದೇ ಬುದ್ಧಿ. ಬೇರೆ ಬೇರೆ ಕಡೆ ಗೇಜು, ಜಿಪಿಎಸ್ ಇಟ್ಟು ಉಪಗ್ರಹ ಮೇಲೆ ಹಾದಾಗ ತಾಳೆ ನೋಡುವ ಜಾಗಗಳಿವೆ: ಕ್ಯಾಲಿಫೋರ್ನಿಯಾದ ಹಾರ್ವೆಸ್ಟ್ ಎಣ್ಣೆ ವೇದಿಕೆ, ಕಾರ್ಸಿಕಾ, ಆಸ್ಟ್ರೇಲಿಯಾದ ಬಾಸ್ ಜಲಸಂಧಿ. ಇಸ್ರೊ ಮತ್ತು ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆ ಸಿಎನ್‌ಇಎಸ್ ಸೇರಿ 2013ರ ಫೆಬ್ರವರಿಯಲ್ಲಿ ಹಾರಿಸಿದ ಸರಳ್ ಉಪಗ್ರಹಕ್ಕೆ ಲಕ್ಷದ್ವೀಪದ ಕವರತ್ತಿಯಲ್ಲಿ ಅಂಥ ಜಾಗ ಇತ್ತು.

ಸರಳ್‌ನ ಆಲ್ಟಿಮೀಟರ್ ಆಲ್ಟಿಕಾ 35.75 ಗಿಗಾಹರ್ಟ್ಸ್‌ನದ್ದು. ಕಿರಣ ಕಿರಿದು, ದಡದ ಹತ್ತಿರಕ್ಕೂ ಓದುತ್ತದೆ. ಆದರೆ ಜೋರು ಮಳೆಯಲ್ಲಿ ಆ ಅಲೆ ಹೀರಿಹೋಗುತ್ತದೆ. ನಮ್ಮ ಪಡುವಣ ತೀರಕ್ಕೆ ಜೂನ್–ಜುಲೈನಲ್ಲಿ ಇದು ಚಿಕ್ಕ ಮಾತಲ್ಲ. ಸಾಮಾನ್ಯ ಆಲ್ಟಿಮೀಟರಿಗೆ ದಡದ ಹತ್ತಿರದ ಹತ್ತು–ಇಪ್ಪತ್ತು ಕಿಲೋಮೀಟರ್ ನಂಬಿಕೆಗೆ ಬರುವುದಿಲ್ಲ, ರೇಡಾರ್ ಪ್ರತಿಧ್ವನಿಯಲ್ಲಿ ನೆಲ ಸೇರಿಕೊಳ್ಳುತ್ತದೆ. ಜನ ಇರುವುದು ಅಲ್ಲೇ. ಗೇಜಿಗೆ ಪಿಂಚಣಿ ಕೊಡಲಾಗದ್ದಕ್ಕೆ ಇದೂ ಒಂದು ಕಾರಣ.

ಅಂಕಿಅಂಶ ಅಜ್ಜ:

0.8, 3.7 ಗೊಂದಲಕ್ಕೆ ಉಳಿದರ್ಧ ಉತ್ತರ: ಯಾವ ವರ್ಷದಿಂದ ಯಾವ ವರ್ಷಕ್ಕೆ ಅನ್ನುವುದನ್ನು ಬಿಟ್ಟು ಅಂಕಿ ಹೇಳಬಾರದು. ಐಪಿಸಿಸಿಯ ಆರನೇ ವರದಿಯಲ್ಲೇ ಲೋಕದ ಸರಾಸರಿ 1901–1971ಕ್ಕೆ 1.3, 1971–2006ಕ್ಕೆ 1.9, 2006–2018ಕ್ಕೆ 3.7. ಮುಂಬೈ, ಕೊಚ್ಚಿ, ವಿಶಾಖಪಟ್ಟಣದಂಥ ಹಳೇ ದಾಖಲೆಗಳಿಂದ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು 2007ರಲ್ಲಿ, ಹಿಮಯುಗದ ನೆಲದ ತಿದ್ದುಪಡಿ ಹಾಕಿ, ತೆಗೆದದ್ದು 1.06ರಿಂದ 1.75. ಅದು ಬಹುಪಾಲು 20ನೇ ಶತಮಾನದ ನೀರು. 1.3ರ ಪಕ್ಕ ಇಟ್ಟರೆ ಜಗಳವೇ ಇಲ್ಲ, 3.7ರ ಪಕ್ಕ ಇಟ್ಟು ‘ಭಾರತದಲ್ಲಿ ಏರಿಕೆ ಕಡಿಮೆ’ ಅನ್ನುವುದು ತಪ್ಪು.

ಗೆರೆ ಎಳೆಯಲು ಎಷ್ಟು ವರ್ಷ ಬೇಕು? ಒಂದೇ ಗೇಜಾದರೆ ಐವತ್ತು ಅರವತ್ತು. ಎಲ್ ನಿನೊ, ಮುಂಗಾರಿನ ಗಾಳಿ ಒಂದೊಂದು ವರ್ಷ ಹತ್ತಾರು ಮಿಲಿಮೀಟರ್ ಎಳೆದಾಡುತ್ತವೆ. ಚಂದ್ರನ ಕಕ್ಷೆಯ 18.6 ವರ್ಷದ ಸುತ್ತೂ ಇದೆ. ಸರಾಸರಿ ಕಡಲಮಟ್ಟವನ್ನು 19 ವರ್ಷಕ್ಕೆ ಹಾಕುವ ರೂಢಿ ಅದಕ್ಕೇ. ಹತ್ತು ವರ್ಷದ ಗೇಜಿನಿಂದ ‘ಪ್ರವೃತ್ತಿ’ ತೆಗೆಯುವುದು ಕಾರ್ತಿಕದ ಒಂದು ವಾರ ನೋಡಿ ವರ್ಷದ ಮಳೆ ಹೇಳಿದ ಹಾಗೆ.

ನಮ್ಮ ತೀರಕ್ಕೆ ಇನ್ನೊಂದು ಎಚ್ಚರ. ಮುಂಗಾರಿನ ಗಾಳಿಗೆ ತೀರದ ನೀರು ಹೊರಸರಿದು ತಳದ ತಣ್ಣೀರು ಮೇಲೇಳುವುದರಿಂದ ಕೊಚ್ಚಿ–ಮಂಗಳೂರು ಕಡೆ ಮಳೆಗಾಲದಲ್ಲಿ ಸರಾಸರಿ ಮಟ್ಟ ತಗ್ಗು, ಚಳಿಗಾಲದ ಶುರುವಿನಲ್ಲಿ ಏರು. ಗೇಜು ಕೆಡುವುದೂ ಮಳೆಗಾಲದಲ್ಲೇ. ಆ ಮೂರು ತಿಂಗಳು ಸರಾಸರಿಗಿಂತ 10 ಸೆಂ.ಮೀ. ತಗ್ಗಿತ್ತು, ದಾಖಲೆ ಇಲ್ಲ ಅಂದುಕೊಳ್ಳಿ. ಉಳಿದ ಒಂಬತ್ತು ತಿಂಗಳ ಸರಾಸರಿ 3.3 ಸೆಂ.ಮೀ. ಹೆಚ್ಚು ಬರುತ್ತದೆ. ವರ್ಷದ ಸರಾಸರಿಗೆ 11 ತಿಂಗಳಾದರೂ ಇರಲೇಬೇಕು ಅನ್ನುವ ಪಿಎಸ್‌ಎಂಎಸ್‌ಎಲ್ ನಿಯಮ ಇಂಥದ್ದಕ್ಕೆ.

ಪಡುಗಡಲು:

ಎಲ್ಲರೂ ಸೇರಿ ತಪ್ಪಾಗಿಲ್ಲ ಅನ್ನುವುದಕ್ಕೆ ಹೊರಗಿನ ಸಾಕ್ಷಿ ಇದೆಯಾ?

ಕಕ್ಷೆ 1336:

ಇದೆ. ಕಡಲು ಏರಲು ದಾರಿ ಎರಡೇ: ನೀರು ಬಿಸಿಯಾಗಿ ಹಿಗ್ಗಬೇಕು, ಇಲ್ಲವೇ ನೆಲದ ಮೇಲಿನ ಹಿಮ, ನೀರು ಬಂದು ಸೇರಬೇಕು. ಹಿಗ್ಗುವುದನ್ನು ಆರ್ಗೊ ಫ್ಲೋಟುಗಳು ಅಳೆಯುತ್ತವೆ. ಸುಮಾರು 4000 ಇವೆ, 1000 ಮೀಟರ್ ಆಳದಲ್ಲಿ ತೇಲಿಕೊಂಡಿದ್ದು ಹತ್ತು ದಿನಕ್ಕೊಮ್ಮೆ 2000 ಮೀಟರಿಗೆ ಇಳಿದು ಉಷ್ಣತೆ, ಉಪ್ಪು ಓದುತ್ತ ಮೇಲೆ ಬಂದು ಉಪಗ್ರಹಕ್ಕೆ ಹೇಳುತ್ತವೆ. ಸೇರುವುದನ್ನು ಗ್ರೇಸ್ (2002–2017) ಮತ್ತು ಗ್ರೇಸ್–ಎಫ್‌ಒ (2018ರಿಂದ) ತೂಗುತ್ತವೆ: ಸುಮಾರು 220 ಕಿ.ಮೀ. ಅಂತರದ ಜೋಡಿ ಉಪಗ್ರಹ, ಕೆಳಗಿನ ಗುರುತ್ವ ಬದಲಾದರೆ ನಡುವಿನ ಅಂತರ ಮೈಕ್ರಾನ್ ಲೆಕ್ಕದಲ್ಲಿ ಬದಲಾಗುತ್ತದೆ. 360 ಗಿಗಾಟನ್ ನೀರು ಬಂದು ಸೇರಿದರೆ ಲೋಕದ ಕಡಲು 1 ಮಿ.ಮೀ. ಏರುತ್ತದೆ.

ಎರಡನ್ನೂ ಕೂಡಿದರೆ ಆಲ್ಟಿಮೀಟರಿನ ಅಂಕಿ ಬರಬೇಕು. 2010–11ರ ಲಾ ನಿನಾದಲ್ಲಿ ಕಡಲು ಸುಮಾರು 5 ಮಿ.ಮೀ. ಇಳಿದಾಗ, ಆ ನೀರು ಮಳೆಯಾಗಿ ಆಸ್ಟ್ರೇಲಿಯಾ ಮುಂತಾದ ಕಡೆ ನೆಲದ ಮೇಲೆ ಕೂತಿರುವುದನ್ನು ಗ್ರೇಸ್ ತೋರಿಸಿತು. ತಾಳೆ ತಪ್ಪಿದ್ದೂ ಉಂಟು: 2016ರ ನಂತರ ಕೂಡಿದ್ದು ಒಂದು, ಅಳೆದದ್ದು ಒಂದು. ಹುಡುಕಿದಾಗ ಕೆಲವು ಆರ್ಗೊಗಳ ಉಪ್ಪಿನ ಸೆನ್ಸರ್ ಜಾರಿದ್ದವು, ಜೇಸನ್–3ರ ಆವಿ ಅಳೆಯುವ ರೇಡಿಯೋಮೀಟರೂ ಜಾರಿತ್ತು. ಮೂರು ಜನ ಬೇರೆ ಬೇರೆ ಲೆಕ್ಕ ಬರೆದರೆ ಕಳ್ಳ ಸಿಕ್ಕಿಬೀಳುತ್ತಾನೆ.

ಕೊಂಕಣಿ ಕರಾವಳಿ:

ಒಪ್ಪಿದೆ ಮಾರಾಯ್ರೆ. ಕಾರವಾರ, ಮಂಗಳೂರಿನ ದತ್ತಾಂಶ ಪಿಎಸ್‌ಎಂಎಸ್‌ಎಲ್‌ನಲ್ಲಿ ಸಿಕ್ಕಿತು. ಎಲ್ಲ ಅಂಕಿ 7000ದ ಸುತ್ತ ಇದೆಯಲ್ಲ, ಇದೇನು? ವರ್ಷದ ಸರಾಸರಿ ತೆಗೆದರೆ ಒಂದು ವರ್ಷ ಕಡಲು ಒಂಬತ್ತು ಮೀಟರ್ ಕೆಳಗೆ ಹೋಗಿದೆ!

ಸ್ಟಾಫ್ ರೀಡಿಂಗ್:

ಆರ್‌ಎಲ್‌ಆರ್ ಸೊನ್ನೆಯನ್ನು ಬೇಕೆಂದೇ ಸರಾಸರಿ ಮಟ್ಟದ 7000 ಮಿ.ಮೀ.ನಷ್ಟು ಕೆಳಗೆ ಇಟ್ಟಿದ್ದಾರೆ, ಋಣ ಸಂಖ್ಯೆ ಬರದಿರಲಿ ಅಂತ. ಇಳಿಜಾರಿಗೆ ಅದರಿಂದ ಏನೂ ಆಗದು.

ಮಾಸಿಕ ಕಡತದಲ್ಲಿ ಅರ್ಧವಿರಾಮದಿಂದ (;) ಬೇರೆ ಮಾಡಿದ ನಾಲ್ಕು ಕಾಲಂ: ದಶಮಾಂಶದ ವರ್ಷ (ಜನವರಿ ಅಂದರೆ .0417, ತಿಂಗಳ ನಡು), ಮಿ.ಮೀ. ಮಟ್ಟ, ಬಿಟ್ಟುಹೋದ ದಿನ, ಗುರುತು. ಒಂಬತ್ತು ಮೀಟರ್ ಎಲ್ಲಿಗೂ ಹೋಗಿಲ್ಲ. ಎರಡನೇ ಕಾಲಂನಲ್ಲಿ –99999 ಅಂತ ಇದ್ದರೆ ‘ಆ ತಿಂಗಳು ದಾಖಲೆ ಇಲ್ಲ’ ಅಂತ ಅರ್ಥ. ನೀವು ಅದನ್ನೂ ಕೂಡಿ ಹನ್ನೆರಡರಿಂದ ಭಾಗಿಸಿದ್ದೀರಿ: 7000ದ ಹನ್ನೊಂದು ತಿಂಗಳು, –99999ರ ಒಂದು ತಿಂಗಳು, ಸರಾಸರಿ –1917. ಆ ಸಾಲು ತೆಗೆದು ಇನ್ನೊಮ್ಮೆ ಹಾಕಿ ನೋಡಿ.